ಐದನೇ ಅಧ್ಯಾಯದ ತಪ್ಪುಗಳು

ಸರ್ವೋತ್ತಮನ ಹತ್ತು ವರ್ಷದ ಶ್ರಮಕ್ಕೆ ಕುತ್ತು ತಂದದ್ದು ಹೆಬ್ಬೆರಳುದ್ದದ ಒಂದು ವೈಟ್‌ನರ್ ಶೀಶೆ. ಆ ಶೀಶೆ ಅವನದಲ್ಲ. ಅದನ್ನು ಬಳಸಿದವರು ಅವನ ಶತ್ರುಗಳೂ ಅಲ್ಲ. ಶತ್ರುಗಳಾಗಿದ್ದರೆ ನಾಲ್ಕು ಮಾತು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಪ್ರೀತಿಯಿಂದ ಉಪಕಾರ ಮಾಡಿದವರನ್ನು ಬೈಯುವುದು ಹೇಗೆ?

ಸರ್ವೋತ್ತಮ ಕಾರ್ಕಳದ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಮನೆ ಅಲೆವೂರು, ವಯಸ್ಸು ನಲವತ್ತೊಂಬತ್ತು. ಹತ್ತು ವರ್ಷಗಳಿಂದ ಪಿಎಚ್.ಡಿ. ಮಾಡುತ್ತಿದ್ದ. ಇಂಗ್ಲಿಷ್ ಕಲಿಯುವವರು ಪ್ರಬಂಧ ಬರೆಯುವಾಗ ಮಾಡುವ ವ್ಯಾಕರಣದ ತಪ್ಪುಗಳೇ ಅವನ ವಿಷಯ. ಬೇರೆಯವರು ಅಂಚೆಚೀಟಿ ಕೂಡಿಹಾಕಿದ ಹಾಗೆ ಅವನು ತಪ್ಪುಗಳನ್ನು ಕೂಡಿಹಾಕಿದ್ದ. ವಿದ್ಯಾರ್ಥಿಯೊಬ್ಬ ಶುದ್ಧ ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆದುಕೊಟ್ಟರೆ ಅವನ ಮುಖ ಬಾಡುತ್ತಿತ್ತು. ಮೂರು ಸಾಲಿನಲ್ಲಿ ಐದು ತಪ್ಪಿದ್ದರೆ ಅರಳುತ್ತಿತ್ತು. ಅಂಥ ಅರ್ಜಿಗಳಿಗೆ ರಜೆಯೂ ಬೇಗ ಸಿಗುತ್ತದೆ ಎಂಬ ಗುಟ್ಟು ಹುಡುಗರಿಗೆ ತಿಳಿದು ಹೋಗಿತ್ತು.

ಅವಧಿ ವಿಸ್ತರಣೆ ಮೂರು ಸಲ ಆಗಿತ್ತು, ನಾಲ್ಕನೆಯದು ಇಲ್ಲ ಎಂದು ಪತ್ರ ಬಂದಿತ್ತು. ಇವತ್ತು ಸಂಜೆ ಐದು ಗಂಟೆಯೊಳಗೆ ಉಡುಪಿಯ ಸಂಶೋಧನಾ ಕೇಂದ್ರಕ್ಕೆ ಮಹಾಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ನಾಲ್ಕು ಅಧ್ಯಾಯ ಎಂದೋ ಮುಗಿದಿದ್ದವು. ನಿಂತದ್ದು ಐದನೆಯದು. ಎರಡು ವರ್ಷ ಅವನಿಗೆ ಅದನ್ನು ಮುಟ್ಟಲು ಆಗಿರಲಿಲ್ಲ, ಏಕೆಂದರೆ ಐದನೇ ಅಧ್ಯಾಯವೆಂದರೆ ಅವನ ಹೆಂಡತಿ ಸ್ವರ್ಣಲತಾ.

ಮಹಾಪ್ರಬಂಧದಲ್ಲಿ ಅವಳ ಹೆಸರಿಲ್ಲ. ಅಲ್ಲಿ ಅವಳು 'ಕಲಿಕಾರ್ಥಿ ಹದಿನೇಳು'. ಕಾಪುವಿನಲ್ಲಿ ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಮದುವೆಯಾಗಿ ಬಂದವಳು, ದೂರಶಿಕ್ಷಣದಲ್ಲಿ ಬಿ.ಎ.ಗೆ ಕಟ್ಟಿದ್ದಳು. ಹದಿನೈದು ದಿನಕ್ಕೊಂದು ಇಂಗ್ಲಿಷ್ ಪ್ರಬಂಧ ಬರೆದು ಗಂಡನ ಮುಂದಿಡುತ್ತಿದ್ದಳು. ಅವನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದ. ಆರು ವರ್ಷ ತಿದ್ದಿದರೂ ಪ್ರತಿ ಪ್ರಬಂಧದಲ್ಲಿ ಅವೇ ಹನ್ನೆರಡು ತಪ್ಪು. ಕೆಲವು ತಪ್ಪುಗಳು ಒಂದು ಹಂತದ ಮೇಲೆ ಕಲ್ಲಾಗಿಬಿಡುತ್ತವೆ, ಎಷ್ಟು ಕಲಿಸಿದರೂ ಕರಗುವುದಿಲ್ಲ ಎಂಬುದು ಸರ್ವೋತ್ತಮನ ಸಿದ್ಧಾಂತ. ಅದಕ್ಕೆ ಇದ್ದ ಒಂದೇ ಸಾಕ್ಷಿ ಅವಳು. ಬಿ.ಎ.ಯಲ್ಲಿ ಅವಳಿಗೆ ಇಂಗ್ಲಿಷಿಗೆ ಎಪ್ಪತ್ತೆಂಟು ಅಂಕ ಬಂದಾಗ ಅವನು, "ಈಗಿನ ಮೌಲ್ಯಮಾಪಕರು ಬಹಳ ಉದಾರಿಗಳು," ಎಂದಿದ್ದ. ಅವಳು ನಕ್ಕಿದ್ದಳು.

ಎರಡು ವರ್ಷದ ಹಿಂದೆ ಮೂರೇ ತಿಂಗಳ ಕಾಯಿಲೆಯಲ್ಲಿ ಅವಳು ಹೋದಳು. ಅವಳ ಸೀರೆ, ಪುಸ್ತಕ ಎಲ್ಲವನ್ನೂ ನೋಡಲಾರದೆ ನಾದಿನಿ ಹೇಮಲತಾಳ ಕೈಯಲ್ಲಿ ಕಾಪುವಿಗೆ ಕಳುಹಿಸಿಬಿಟ್ಟಿದ್ದ. ಅವಳಿದ್ದಾಗಲೇ ಹಾಳೆಗಳಲ್ಲಿ ಎತ್ತಿ ಬರೆದುಕೊಂಡಿದ್ದ ಎಂಬತ್ತು ವಾಕ್ಯಗಳಷ್ಟೇ ಉಳಿದಿದ್ದವು. ಕಳೆದ ತಿಂಗಳು ಹಲ್ಲು ಕಚ್ಚಿಕೊಂಡು ಅವುಗಳ ಕೆಳಗೆ ವಿವರಣೆ ಬರೆದು, ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಕ್ಯಾರಲ್‌ಗೆ ಟೈಪ್ ಮಾಡಲು ಕೊಟ್ಟಿದ್ದ.

ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಹೋದಾಗ ಕ್ಯಾರಲ್ ಒಂಥರಾ ಕರುಣೆಯಿಂದ ನಕ್ಕಳು. ಪಕ್ಕದಲ್ಲಿ ಅವಳ ಅಪ್ಪ ರೇಮಂಡರು ಇಸ್ತ್ರಿ ಹಾಕಿದ ಅಂಗಿಯಲ್ಲಿ ಕುಳಿತಿದ್ದರು. ಮೂವತ್ತು ವರ್ಷ ಬಹ್ರೇನಿನ ಆಫೀಸೊಂದರಲ್ಲಿ ಇಂಗ್ಲಿಷ್ ಪತ್ರ ಬರೆದು ನಿವೃತ್ತರಾಗಿ ಬಂದವರು. ತಮ್ಮ ಮೇಜಿನಿಂದ ತಪ್ಪಿರುವ ಒಂದು ಪತ್ರವೂ ಹೊರಗೆ ಹೋಗಿಲ್ಲ ಎಂದು ಹೇಳಿಕೊಳ್ಳದ ದಿನವಿಲ್ಲ. ಅವರು ಏನನ್ನೂ ಓದುವುದಿಲ್ಲ, ತಪ್ಪು ಮಾತ್ರ ಹುಡುಕುತ್ತಾರೆ. ಮದುವೆ ಕರೆಯೋಲೆ ಕೊಟ್ಟರೂ ಅದನ್ನು ತಿದ್ದಿ ವಾಪಸು ಕೊಡುವ ಆಸಾಮಿ.

"ಸರ್, ನೀವು ಬೇಜಾರು ಮಾಡ್ಬಾರ್ದು," ಎಂದಳು ಕ್ಯಾರಲ್ ದನಿ ತಗ್ಗಿಸಿ. "ನಿಮ್ಮ ಮಿಸೆಸ್ ಹೋದ ಮೇಲೆ ನಿಮಗೆ ಮನಸ್ಸು ಸರಿ ಇಲ್ಲ ಅಂತ ನಮಗೆ ಗೊತ್ತುಂಟು. ಅದಕ್ಕೇ ಈ ಅಧ್ಯಾಯದಲ್ಲಿ ಇಷ್ಟು ತಪ್ಪಾಗಿದೆ ಅಲ್ವಾ? ನಾನು ಯಾರಿಗೂ ಹೇಳ್ಲಿಲ್ಲ. ಪಪ್ಪನಿಗೆ ಮಾತ್ರ ತೋರಿಸಿದೆ."

"ಎಂತ ತೋರಿಸಿದ್ದು?"

"ಎಲ್ಲ ಸರಿ ಮಾಡಿದ್ದೇನೆ ಮಾಸ್ಟ್ರೇ!" ರೇಮಂಡರು ಎದೆ ಮುಂದೆ ಮಾಡಿದರು. "ಎರಡು ದಿನ ಕೂತೆ. ಇಂಗ್ಲಿಷ್ ಲೆಕ್ಚರರ್ ಹೀಗೆ ಬರೆದ್ರೆ ಜನ ಎಂತ ಹೇಳ್ಬೇಕು? ಒಂದು ಪೈಸೆ ಬೇಡ. ನಮ್ಮ ಸ್ನೇಹಕ್ಕೆ."

ಸರ್ವೋತ್ತಮ ಹಸ್ತಪ್ರತಿ ತೆಗೆದುಕೊಂಡ. ಪ್ರತಿ ಪುಟವೂ ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯ ಹಾಗಿತ್ತು. ತಪ್ಪಿದ್ದಲ್ಲೆಲ್ಲ ಬಿಳಿ ಬಣ್ಣ, ಅದರ ಮೇಲೆ ರೇಮಂಡರ ಮುದ್ದಾದ ಅಕ್ಷರದಲ್ಲಿ ಸರಿಯಾದ ಪದ. 'ಮೈ ಹಸ್ಬೆಂಡ್ ಈಸ್ ನೋಯಿಂಗ್ ಎವ್ರಿಥಿಂಗ್' ಎಂದು ಅವಳು ಬರೆದಿದ್ದಲ್ಲಿ ಈಗ 'ಮೈ ಹಸ್ಬೆಂಡ್ ನೋಸ್ ಎವ್ರಿಥಿಂಗ್' ಎಂದಿತ್ತು. ಅದರ ಕೆಳಗೆ ಅವನು, 'ಈ ವಾಕ್ಯದಲ್ಲಿ ಕ್ರಿಯಾಪದದ ತಪ್ಪಿದೆ' ಎಂದು ಬರೆದಿದ್ದ. ರೇಮಂಡರು ಪ್ರಾಮಾಣಿಕರು. ತಾವೇ ತಿದ್ದಿದ ಮೇಲೆ ಆ ಮಾತು ಸುಳ್ಳಾಗುತ್ತದಲ್ಲ? ಅದನ್ನೂ ತಿದ್ದಿ, 'ಈ ವಾಕ್ಯದಲ್ಲಿ ಯಾವ ತಪ್ಪೂ ಇಲ್ಲ' ಎಂದು ಬರೆದಿದ್ದರು. ಎಂಬತ್ತು ವಾಕ್ಯಗಳಿಗೂ ಹಾಗೆಯೇ. ಕ್ಯಾರಲ್ ಟೈಪ್ ಮಾಡಿದ್ದೂ ಅದನ್ನೇ.

"ರೇಮಂಡರೇ, ಇದು ನನ್ನ ಇಂಗ್ಲಿಷ್ ಅಲ್ಲ. ನನಗೆ ಈ ತಪ್ಪುಗಳೇ ಬೇಕಿತ್ತು," ಎಂದು ಸರ್ವೋತ್ತಮ ಅಳುವ ದನಿಯಲ್ಲಿ ವಿವರಿಸಿದ.

ವಿವರಣೆ ಮುಗಿದಾಗ ರೇಮಂಡರ ಮುಖ ಬಿಳಿಚಿತ್ತು. "ತಪ್ಪು ಬೇಕಂತ ಕೇಳಿದವರನ್ನು ನಾನು ಬಹ್ರೇನಿನಲ್ಲೂ ನೋಡ್ಲಿಲ್ಲ ಮಾರಾಯ್ರೇ," ಎಂದರು.

ಕ್ಯಾರಲ್ ಕಣ್ಣೊರೆಸಿಕೊಂಡು ಕೀಬೋರ್ಡ್ ಹತ್ತಿರ ಎಳೆದುಕೊಂಡಳು. "ಸರ್, ನಾನೇ ಹಾಕಿಕೊಡ್ತೇನೆ. ಎಷ್ಟು ಬೇಕು ಹೇಳಿ." ಅವಳು ಮೊದಲ ವಾಕ್ಯವನ್ನು ಕೆಡಿಸಿದಳು. ಆದರೆ ಎಂಟನೇ ಕ್ಲಾಸಿನಿಂದ ಅಪ್ಪನ ಕೈಯಲ್ಲಿ ಕಿವಿ ಹಿಂಡಿಸಿಕೊಂಡ ಹುಡುಗಿಗೆ ಅಷ್ಟು ಸುಲಭವಾಗಿ ತಪ್ಪು ಬರುವುದುಂಟೇ? ಒಂದು ಪದ ಹಾಳು ಮಾಡಿದರೆ ಅಭ್ಯಾಸಬಲದಿಂದ ಬೆರಳು ಮರುಕ್ಷಣವೇ ಅದನ್ನು ಸರಿಮಾಡುತ್ತಿತ್ತು. ಅಷ್ಟಕ್ಕೂ ಸರ್ವೋತ್ತಮನಿಗೆ ಬೇಕಾದದ್ದು ಯಾರದೋ ತಪ್ಪಲ್ಲ, ಸ್ವರ್ಣಲತಾಳದ್ದು. ಆ ತಪ್ಪುಗಳಲ್ಲಿ ಅವಳ ದನಿ ಇತ್ತು. ಬಿಳಿ ಬಣ್ಣದ ಮೇಲೆ ಕೈಯಾಡಿಸುವಾಗ ಅವಳು ಎರಡನೇ ಸಲ ಹೋದ ಹಾಗೆ ಅವನಿಗನ್ನಿಸಿತು.

ಉಳಿದದ್ದು ಒಂದೇ ದಾರಿ. ಮೂಲ ಪುಸ್ತಕಗಳು ಕಾಪುವಿನಲ್ಲಿದ್ದವು.

ಅಲೆವೂರಿನ ಅಂಗಾರನ ರಿಕ್ಷಾ ಸಿಕ್ಕಿತು. ಅಂಗಾರ ಒಳ್ಳೆಯವನು, ಆದರೆ ಪ್ರಯಾಣಿಕನ ಕತೆ ಪೂರ್ತಿ ಕೇಳದೆ ಮೂರನೇ ಗೇರ್ ಹಾಕುವುದಿಲ್ಲ. ಅಲೆವೂರಿನ ಪಕ್ಕದ ಮಣಿಪುರ ದಾಟುವಷ್ಟರಲ್ಲಿ ಅವನಿಗೆ ವಿಷಯವೆಲ್ಲ ಗೊತ್ತಾಗಿತ್ತು.

"ತಪ್ಪು ಸಿಗಲಿಲ್ಲ ಅಂತ ಇಷ್ಟು ಕಷ್ಟ ಯಾಕೆ ಮಾಸ್ಟ್ರೇ? ನನ್ನ ಮಗಳ ಇಂಗ್ಲಿಷ್ ಪೇಪರ್ ಉಂಟು. ನೂರಕ್ಕೆ ಒಂಬತ್ತು. ಬೇಕಾದ್ರೆ ಈಗಲೇ ತಂದುಕೊಡ್ತೇನೆ."

"ಬೇಡ ಅಂಗಾರ. ಹೆಂಡತಿಯದ್ದೇ ಆಗಬೇಕು."

ಅಂಗಾರ ಮೂರನೇ ಗೇರ್ ಹಾಕಿದ. "ನನಗೆ ಹೆಂಡತಿಯ ತಪ್ಪು ದಿನಾ ಕಾಣ್ತದೆ," ಎಂದ. "ಬರೆದಿಟ್ಟುಕೊಳ್ಳಬೇಕು ಅಂತ ಗೊತ್ತಿರ್ಲಿಲ್ಲ."

ಕಟಪಾಡಿಯಲ್ಲಿ ಹೈವೇ ಸೇರುವಲ್ಲಿ ಲಾರಿಯೊಂದು ಕೆಟ್ಟು ನಿಂತು ಮುಕ್ಕಾಲು ಗಂಟೆ ಹೋಯಿತು. ಕಾಪು ತಲುಪಿದಾಗ ಹನ್ನೆರಡೂವರೆ. ಹೇಮಲತಾ ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಎರಡು ವರ್ಷದಲ್ಲಿ ಭಾವ ಈ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

"ಪುಸ್ತಕ ಅಟ್ಟದಲ್ಲಿ ಉಂಟು, ಕೊಡ್ತೇನೆ. ಮೊದಲು ಊಟ ಮಾಡಿ ಭಾವ."

"ಸಮಯ ಇಲ್ಲ ಹೇಮಾ."

"ಅಕ್ಕ ಇದ್ದಿದ್ರೆ ಹಾಗೇ ಕಳಿಸ್ತಿದ್ದಳಾ? ಊಟ ಮಾಡದೆ ಅಟ್ಟದ ಏಣಿ ಇಡುವುದಿಲ್ಲ ನಾನು."

ಬೇರೆ ಉಪಾಯವಿಲ್ಲದೆ ಅವನು ಕುಳಿತ. ಅಂಗಾರನೂ ಕುಳಿತ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಸ್ವರ್ಣಲತಾಳ ಕೈರುಚಿಯೇ. ಎರಡನೇ ತುತ್ತಿಗೆ ಸರ್ವೋತ್ತಮನ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿ ಎಂದ. ಅಂಗಾರ, ಖಾರವೇ ಇಲ್ಲವಲ್ಲ ಎಂದು ಹೇಳಹೊರಟು ಹೇಮಲತಾಳ ಮುಖ ನೋಡಿ ಬಾಯಿ ಮುಚ್ಚಿದ.

ಅವಳು ಅಟ್ಟದಿಂದ ಬಟ್ಟೆಚೀಲವೊಂದನ್ನು ಇಳಿಸಿ ಧೂಳು ಕೊಡವಿದಳು. "ಎರಡು ಬಗೆ ಉಂಟು ನೋಡಿ. ಎಲ್ಲವನ್ನೂ ಎರಡೆರಡು ಸಲ ಬರೀತಿದ್ದಳು. ಬ್ರೌನ್ ಬೈಂಡ್ ಹಾಕಿದ್ದು ನಿನ್ನ ಭಾವನಿಗೆ, ನೀಲಿ ಪುಸ್ತಕ ನನಗೆ ಅಂತ ಹೇಳ್ತಿದ್ದಳು. ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು, ಗೊತ್ತುಂಟು," ಎಂದು ಸರ್ವೋತ್ತಮ ಚೀಲ ಕಸಿದುಕೊಂಡು ರಿಕ್ಷಾ ಹತ್ತಿದ. ಅವನಿಗೆ ಏನೂ ಗೊತ್ತಿರಲಿಲ್ಲ.

ಮಣಿಪಾಲಕ್ಕೆ ಬಂದಾಗ ಎರಡೂವರೆ. ರೇಮಂಡರು ಪ್ರಾಯಶ್ಚಿತ್ತವೆಂದು ಊಟ ಬಿಟ್ಟು ಕುಳಿತಿದ್ದರು. ಕ್ಯಾರಲ್ ಚೀಲದಲ್ಲಿ ಕೈಗೆ ಸಿಕ್ಕಿದ ಮೊದಲ ಪುಸ್ತಕ ತೆಗೆದಳು, ನೀಲಿಯದ್ದು. ಕಾಪು ಕಡಲ ಬಗ್ಗೆ ಬರೆದ ಪ್ರಬಂಧವನ್ನು ಪರದೆಯೊಂದಿಗೆ ಹೋಲಿಸುತ್ತಾ ಹೋದವಳು ನಿಂತಳು.

"ಸರ್, ಇದರಲ್ಲಿ ತಪ್ಪೇ ಇಲ್ಲ. ಪಪ್ಪ ತಿದ್ದಿದ ಹಾಗೇ ಉಂಟು."

"ಸರಿಯಾಗಿ ನೋಡು."

ರೇಮಂಡರು ಕನ್ನಡಕ ಏರಿಸಿ ಬಗ್ಗಿದರು. ಜೀವನದಲ್ಲಿ ಮೊದಲ ಸಲ ಅವರು ಏನನ್ನೋ ಕೊನೆಯವರೆಗೆ ಓದಿದರು. "ಪದಕ್ಕೆ ಪದ ನಾನು ಹಾಕಿದ್ದೇ ಉಂಟು," ಎಂದರು ನಿಧಾನವಾಗಿ. "ಇಲ್ಲ, ಇಲ್ಲೊಂದು ಕಡೆ ನನ್ನದಕ್ಕಿಂತ ಅವರದ್ದೇ ಚಂದ ಉಂಟು."

ಸರ್ವೋತ್ತಮ ಪುಸ್ತಕ ಕಸಿದುಕೊಂಡ. ಸ್ವರ್ಣಲತಾಳ ದುಂಡು ಅಕ್ಷರ. ನಿರ್ದೋಷವಾದ, ಸರಾಗವಾದ ಇಂಗ್ಲಿಷ್. ಕೆಲವು ಪದಗಳ ಕೆಳಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಅಂಚಿನಲ್ಲಿ ಸಣ್ಣದಾಗಿ ಕನ್ನಡದಲ್ಲಿ ಬರೆದುಕೊಂಡಿದ್ದಳು. 'ಇಲ್ಲಿ ದಿ ತೆಗೆಯುವುದು.' 'ಇಲ್ಲಿ ಇಂಗ್ ಸೇರಿಸುವುದು.' 'ಇದಕ್ಕೆ ಹೋದ ಸಲ ಬೈದಿದ್ದಾರೆ, ಇನ್ನೊಮ್ಮೆ ಹಾಕಿದರೆ ಬರೆದುಕೊಳ್ಳುತ್ತಾರೆ.' ಪುಟದ ಕೊನೆಯಲ್ಲಿ, ಅಡುಗೆ ಸಾಮಾನು ಪಟ್ಟಿ ಮಾಡಿದ ಹಾಗೆ: 'ಒಟ್ಟು ಹನ್ನೊಂದಾಯಿತು. ಅವರಿಗೆ ಹನ್ನೆರಡು ಬೇಕು. ಇನ್ನೊಂದು ಹುಡುಕಬೇಕು.'

ಅವನು ಇನ್ನೊಂದು ನೀಲಿ ಪುಸ್ತಕ ತೆಗೆದ. ಮತ್ತೊಂದು ತೆಗೆದ. ಎಲ್ಲದರಲ್ಲೂ ಅದೇ. ಹೇಮಲತಾಳಿಗೆ ಫೋನ್ ಮಾಡಿದ.

"ಹೇಮಾ, ಇದು ಎಂತ ಇದು?"

"ಆಗ ಗೊತ್ತುಂಟು ಅಂದಿರಲ್ಲ ಭಾವ!" ಎಂದಳು ಹೇಮಲತಾ. "ಎರಡನೇ ವರ್ಷ ಒಂದು ದಿನ ಅವಳು ಒಂದೂ ತಪ್ಪಿಲ್ಲದೆ ಬರೆದಳಂತೆ. ನಿಮಗೆ ಖುಷಿಯಾಗ್ತದೆ ಅಂತ ಓಡಿ ಬಂದು ತೋರಿಸಿದ್ದಳಂತೆ. ನಿಮ್ಮ ಮುಖ ಇಷ್ಟೇ ಇಷ್ಟು ಆಯ್ತಂತೆ. ಅವತ್ತಿಂದ ಶುರು. ತಪ್ಪು ಮಾಡುವುದು ಬಹಳ ಕಷ್ಟ ಹೇಮಾ, ಸರಿ ಬರೆಯುವುದೇ ಸುಲಭ ಅಂತ ನಗ್ತಿದ್ದಳು."

"ಅವಳು ನನಗೆ ಹೇಳಬಹುದಿತ್ತಲ್ಲ?"

"ನೀವು ಪಿಎಚ್.ಡಿ. ಮುಗಿಸಿದ ದಿನ ಹೇಳ್ತೇನೆ ಅಂತಿದ್ದಳು ಭಾವ."

ಸರ್ವೋತ್ತಮನಿಗೆ ಆ ಸಂಜೆ ನೆನಪಾಯಿತು. ತಪ್ಪಿಲ್ಲದ ಪ್ರಬಂಧ ನೋಡಿ ಅವನು ತಮಾಷೆಗೆಂದು, "ನೀನು ಹೀಗೆ ಬರೆದರೆ ನನ್ನ ಐದನೇ ಅಧ್ಯಾಯ ಎಂತಾಗುವುದು ಮಾರಾಯ್ತಿ?" ಎಂದಿದ್ದ. ಅವಳು ಒಲೆಯ ಮೇಲಿದ್ದ ದೋಸೆ ಮಗುಚಲು ಹೋಗಿದ್ದಳು. ಮುಂದಿನ ಪ್ರಬಂಧದಲ್ಲಿ ಹನ್ನೆರಡು ತಪ್ಪು ಬಂದಿದ್ದವು, ಅವನು ಖುಷಿಯಿಂದ ಎರಡು ದೋಸೆ ಹೆಚ್ಚು ತಿಂದಿದ್ದ. ಅಂದರೆ ಅವನು ಅವಳಿಗೆ ಒಂದೂವರೆ ವರ್ಷದಲ್ಲಿ ಇಂಗ್ಲಿಷ್ ಕಲಿಸಿಬಿಟ್ಟಿದ್ದ. ಅಷ್ಟು ಒಳ್ಳೆಯ ಮಾಸ್ತರನಾಗಿದ್ದ. ಆಮೇಲಿನ ನಾಲ್ಕೂವರೆ ವರ್ಷ ಅದು ಸುಳ್ಳೆಂದು ಸಾಧಿಸಲು ಕಷ್ಟಪಟ್ಟಿದ್ದ, ಅವಳೂ ಅವನ ಜೊತೆ ಕಷ್ಟಪಟ್ಟಿದ್ದಳು.

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಬ್ರೌನ್ ಬೈಂಡಿನ ಪುಸ್ತಕಗಳು ಚೀಲದಲ್ಲೇ ಇದ್ದವು. ಅವುಗಳಲ್ಲಿ ಅವನಿಗೆ ಬೇಕಾದ ತಪ್ಪುಗಳೆಲ್ಲ ಇದ್ದವು. ಎಂಬತ್ತು ವಾಕ್ಯ ಟೈಪ್ ಮಾಡಲು ಕ್ಯಾರಲ್‌ಗೆ ಮುಕ್ಕಾಲು ಗಂಟೆ ಸಾಕು. ಅವಳು ಕೀಬೋರ್ಡ್ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು.

"ಹೇಳಿ ಸರ್. ಯಾವ ತಪ್ಪು ಮೊದಲು?"

ಸರ್ವೋತ್ತಮ ಬ್ರೌನ್ ಪುಸ್ತಕ ಬಿಡಿಸಿದ. ಅಂಚಿನಲ್ಲಿ ಅವನದೇ ಕೆಂಪು ಶಾಯಿ: 'ಐದು ವರ್ಷವಾದರೂ ಇಷ್ಟೇ! ಗಮನವಿಲ್ಲ.' ಅದನ್ನು ಬರೆದ ದಿನ ಅವಳು ಪುಸ್ತಕ ತೆಗೆದುಕೊಂಡು, "ಇನ್ನು ಜಾಗ್ರತೆ ಮಾಡ್ತೇನೆ," ಎಂದಿದ್ದಳು. ಸರ್ವೋತ್ತಮ ಬಾಯಿ ತೆರೆದ. ತಪ್ಪು ವಾಕ್ಯ ಹೊರಗೆ ಬರಲಿಲ್ಲ. ಮೂರು ಸಲ ಪ್ರಯತ್ನಿಸಿದ.

"ಇದ್ದ ಹಾಗೇ ಪ್ರಿಂಟ್ ಕೊಡು ಕ್ಯಾರಲ್," ಎಂದ ಕೊನೆಗೆ.

"ನಾನು ತಿದ್ದಿದ್ದಾ?" ರೇಮಂಡರೇ ಗಾಬರಿಯಾದರು.

"ಅವಳು ಬರೆದದ್ದು. ಆ ಒಂದು ಕಡೆ ಮಾತ್ರ ನಿಮ್ಮದು ತೆಗೆದು ಅವಳದ್ದು ಹಾಕಿಸಿ."

ನಾಲ್ಕೂವರೆಗೆ ಅಂಗಾರನ ರಿಕ್ಷಾದಲ್ಲಿ ಮೂವರೂ ಉಡುಪಿಯ ಸಂಶೋಧನಾ ಕೇಂದ್ರದ ಮುಂದೆ ಇಳಿದರು. ಅಪ್ಪ ಮಗಳು ಹೊರಗೆ ನಿಂತರು. ಸರ್ವೋತ್ತಮ ಒಂದು ಕೈಯಲ್ಲಿ ಪ್ರಬಂಧ, ಇನ್ನೊಂದರಲ್ಲಿ ಬಟ್ಟೆಚೀಲ ಹಿಡಿದು ಒಳಗೆ ಹೋದ.

ಅವನ ಮಾರ್ಗದರ್ಶಕ ಡಾ. ಸುಘೋಷ ಅವನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಮೊದಲಿನ ಇಬ್ಬರು ಮಾರ್ಗದರ್ಶಕರು ಸರ್ವೋತ್ತಮನನ್ನು ಕಾಯುತ್ತಾ ಕಾಯುತ್ತಾ ನಿವೃತ್ತರಾಗಿದ್ದರು. ಸುಘೋಷ ಸಹಿ ಹಾಕಲು ಪೆನ್ನು ತೆರೆದು, ಸುಮ್ಮನೆ ಐದನೇ ಅಧ್ಯಾಯದ ಪುಟ ತಿರುವಿದ. ಹುಬ್ಬು ಗಂಟಾಯಿತು.

"ಸರ್ವೋತ್ತಮರೇ, 'ಈ ವಾಕ್ಯದಲ್ಲಿ ಯಾವ ತಪ್ಪೂ ಇಲ್ಲ' ಅಂತ ಉಂಟಲ್ಲ?"

"ಹೌದು ಸರ್."

"ಮುಂದಿನದ್ದಕ್ಕೂ ಹಾಗೇ ಉಂಟು. ಎಂಬತ್ತು ಸಲ ಹಾಗೇ ಉಂಟು!"

"ನಿಜವನ್ನೇ ಬರೆದದ್ದು ಸರ್. ಅವಳಲ್ಲಿ ತಪ್ಪಿರಲಿಲ್ಲ."

"ಕಲಿಕಾರ್ಥಿ ಹದಿನೇಳು ಅಲ್ವಾ ನಿಮ್ಮ ಸಿದ್ಧಾಂತಕ್ಕೆ ಆಧಾರ? ಹಾಗಾದ್ರೆ ನೀವು ಸಾಧಿಸಿದ್ದು ಎಂತ?"

"ಅವಳು ಕಲಿತಿದ್ದಳು ಅಂತ."

ಸುಘೋಷ ಕೆಟ್ಟವನಲ್ಲ. ಪೆನ್ನು ಕೆಳಗಿಟ್ಟು ಗಡಿಯಾರ ನೋಡಿದ. "ಇದನ್ನು ನಾನು ಕಳಿಸಲಿಕ್ಕೆ ಆಗುವುದಿಲ್ಲ. ಆದ್ರೆ ಇನ್ನೂ ಹದಿನೆಂಟು ನಿಮಿಷ ಉಂಟು. ನಿಮ್ಮ ಹತ್ತಿರ ಹಳೆಯ ಪುಸ್ತಕ, ತಪ್ಪಿದ್ದದ್ದು, ಎಂತಾದ್ರೂ ಉಂಟಾ? ಇದ್ರೆ ಕೊಡಿ. ಅನುಬಂಧ ಅಂತ ಸೇರಿಸಿ ಇವತ್ತೇ ಒಪ್ಪಿಸುವ. ಹತ್ತು ವರ್ಷ ನೀರಿಗೆ ಹಾಕ್ಬೇಡಿ."

ಬಟ್ಟೆಚೀಲ ಸರ್ವೋತ್ತಮನ ತೊಡೆಯ ಮೇಲಿತ್ತು. ಬ್ರೌನ್ ಬೈಂಡಿನ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಅವನು ಅದನ್ನು ಬೆರಳಿನಿಂದ ಒಳಗೆ ದೂಡಿ ಚೀಲದ ಬಾಯಿ ಸುತ್ತಿ ಹಿಡಿದುಕೊಂಡ.

"ಇಲ್ಲ ಸರ್," ಎಂದ. "ನನ್ನ ಹತ್ತಿರ ಎಂತದೂ ಇಲ್ಲ."

ಐದು ಗಂಟೆಗೆ ಜವಾನ ಕಚೇರಿಯ ಕಿಟಕಿ ಮುಚ್ಚಿದ. ಸರ್ವೋತ್ತಮ ಪ್ರಬಂಧವನ್ನೂ ಚೀಲವನ್ನೂ ಎದೆಗವಚಿಕೊಂಡು ಹೊರಗೆ ಬಂದ. ನಾಳೆಯಿಂದ ಅವನು ಹೆಸರಿನ ಮುಂದೆ ಏನೂ ಇಲ್ಲದ ಬರಿಯ ಸರ್ವೋತ್ತಮ. ಕಾಲೇಜಿನ ಆಡಳಿತದವರು ಏನು ಹೇಳುತ್ತಾರೋ, ಅದು ನಾಳೆಯ ಮಾತು. ಅಳು ಬರುತ್ತಿತ್ತು, ಆದರೆ ಗೇಟಿನ ಹತ್ತಿರ ಬೆಳಗಿನಿಂದ ಊಟ ಮಾಡದ ರೇಮಂಡರು ಒಂಟಿಕಾಲಿನಲ್ಲಿ ನಿಂತಿದ್ದರು.

"ಎಂತಾಯ್ತು ಮಾಸ್ಟ್ರೇ? ಅವರಿಗೆ ಎಂತಾದ್ರೂ ತಪ್ಪು ಸಿಕ್ಕಿತಾ?"

ಸರ್ವೋತ್ತಮ ಅವರ ಹೆಗಲ ಮೇಲೆ ಕೈಯಿಟ್ಟ.

"ಇಲ್ಲ ರೇಮಂಡರೇ. ಹುಡುಕಿ ಹುಡುಕಿ ಅವರಿಗೆ ಸಾಕಾಯಿತು. ಒಂದೇ ಒಂದು ತಪ್ಪೂ ಸಿಗಲಿಲ್ಲ."

ರೇಮಂಡರ ಮುಖ ಅರಳಿತು. "ನಾನು ಹೇಳ್ಲಿಲ್ವಾ?" ಎಂದು ಮಗಳ ಕಡೆ ತಿರುಗಿದರು. ಅಂಗಾರ ರಿಕ್ಷಾ ಸ್ಟಾರ್ಟ್ ಮಾಡಿದ.